ಎದುರಾಳಿಯೇ ಇಲ್ಲದ ನೂಕುನುಗ್ಗಲು

2025ರ ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಇರಲಿಲ್ಲ. ಎದುರಾಳಿ ತಂಡ ಇರಲಿಲ್ಲ, ಅದರ ಬೆಂಬಲಿಗರೂ ಇರಲಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ಆರ್‌ಸಿಬಿ ಆಟಗಾರರನ್ನು ಕಣ್ಣಾರೆ ಕಾಣಬೇಕೆಂದು ಬಂದವರೆಲ್ಲ ಒಂದೇ ಪಕ್ಷದವರು. ಜಗಳಕ್ಕೆ ಕಾರಣವಿರಲಿಲ್ಲ, ಸಂತೋಷಕ್ಕೆ ಬೇಕಾದಷ್ಟಿತ್ತು. ಆದರೂ ಗೇಟುಗಳ ಮುಂದೆ 11 ಮಂದಿ ಉಸಿರುಗಟ್ಟಿ, ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸುಮಾರು 35 ಸಾವಿರ ಜನ ಹಿಡಿಯುವ ಕ್ರೀಡಾಂಗಣಕ್ಕೆ ಎರಡು ಮೂರು ಲಕ್ಷ ಜನ ಬಂದರೆಂದು ಮುಖ್ಯಮಂತ್ರಿಯೇ ಹೇಳಿದರು. ಮರುದಿನ ಪೊಲೀಸ್ ಕಮಿಷನರ್ ಅಮಾನತಾದರು, ವಿಚಾರಣಾ ಆಯೋಗ ನೇಮಕವಾಯಿತು. ಅಷ್ಟರಲ್ಲಿ ಊರೂರಿನ ಚಹಾದಂಗಡಿಗಳಲ್ಲಿ ತೀರ್ಪು ಬಂದಾಗಿತ್ತು: ಅಭಿಮಾನಿಗಳ ಹುಚ್ಚು, ಹುಡುಗರ ಪುಂಡಾಟ.

ಈ ತೀರ್ಪು ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಜಗತ್ತಿನಾದ್ಯಂತ ಫುಟ್‌ಬಾಲ್ ಮೈದಾನಗಳಲ್ಲಿ ಸಾವಾದಾಗಲೆಲ್ಲ ಇದನ್ನೇ ಹೇಳಿದ್ದಾರೆ. ಆದ್ದರಿಂದ ಪಂದ್ಯದ ದಿನದ ಬಂದೋಬಸ್ತ್ ಎಂದರೆ ಎರಡು ಕಡೆಯವರು ಹೊಡೆದಾಡದಂತೆ ನೋಡಿಕೊಳ್ಳುವುದು, ಅದಕ್ಕೆ ಲಾಠಿ ಸಾಕು ಎಂಬ ನಂಬಿಕೆ ಬೇರೂರಿದೆ. ಹಿಂದಿನ ದುರಂತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕಾಣುವುದು ಬೇರೆ. ಬೆಂಬಲಿಗರ ದ್ವೇಷದಿಂದ ಮೂಗು ಒಡೆಯುತ್ತದೆ, ಕುರ್ಚಿ ಮುರಿಯುತ್ತದೆ. ಹತ್ತಾರು, ನೂರಾರು ಜನ ಒಮ್ಮೆಲೇ ಸಾಯಬೇಕಾದರೆ ಮುಚ್ಚಿದ ಗೇಟು, ಇಕ್ಕಟ್ಟಾದ ದಾರಿ, ತಪ್ಪು ಸುದ್ದಿ, ತಪ್ಪು ಗಳಿಗೆಯಲ್ಲಿ ಕೊಟ್ಟ ಆದೇಶ, ಇವುಗಳಲ್ಲಿ ಒಂದಾದರೂ ಬೇಕು. ಇವೆಲ್ಲ ಪ್ರೇಕ್ಷಕರ ಕೈಯಲ್ಲಿಲ್ಲ, ವ್ಯವಸ್ಥೆ ಮಾಡುವವರ ಕೈಯಲ್ಲಿವೆ.

ಇಂಡೋನೇಷ್ಯಾದ ಮಲಾಂಗ್‌ನ ಕಂಜುರುಹಾನ್ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 1ರ ರಾತ್ರಿ ನಡೆದದ್ದು ಇದಕ್ಕೆ ಸಾಕ್ಷಿ. ಅರೇಮಾ ಮತ್ತು ಪರ್ಸೆಬಾಯಾ ತಂಡಗಳ ಬೆಂಬಲಿಗರ ವೈರ ಆ ದೇಶದಲ್ಲಿ ಮನೆಮಾತು. ಹಾಗಾಗಿ ಪರ್ಸೆಬಾಯಾ ಬೆಂಬಲಿಗರು ಮೈದಾನಕ್ಕೆ ಬರುವುದನ್ನೇ ನಿಷೇಧಿಸಿದ್ದರು. ಎದುರಾಳಿಗಳನ್ನು ದೂರವಿಡುವುದೇ ಪರಿಹಾರವಾಗಿದ್ದರೆ ಆ ರಾತ್ರಿ ಎಲ್ಲರೂ ಸುಖವಾಗಿ ಮನೆ ಸೇರಬೇಕಿತ್ತು. ಆದರೆ 38 ಸಾವಿರ ಜನರ ಜಾಗಕ್ಕೆ 42 ಸಾವಿರ ಟಿಕೆಟ್ ಮಾರಿದ್ದರು. ಪಂದ್ಯವನ್ನು ಮಧ್ಯಾಹ್ನವೇ ಆಡಿಸಿ ಎಂದು ಪೊಲೀಸರು ಕೇಳಿದ್ದರೂ ರಾತ್ರಿಗೇ ಇಟ್ಟುಕೊಂಡರು. ತವರಿನ ತಂಡ 3–2ರಿಂದ ಸೋತಾಗ ಕೆಲವರು ಮೈದಾನಕ್ಕಿಳಿದರು. ಪೊಲೀಸರು ಅಶ್ರುವಾಯು ಸಿಡಿಸಿದರು, ಅದೂ ಇನ್ನೂ ಜನ ಕೂತಿದ್ದ ಗ್ಯಾಲರಿಗಳ ಮೇಲೆ. ಮೈದಾನದೊಳಗೆ ಅಶ್ರುವಾಯು ಬಳಸಬಾರದೆಂದು ಫಿಫಾ ನಿಯಮವೇ ಇದೆ. ಕಣ್ಣುರಿಯಿಂದ ಓಡಿದವರಿಗೆ ಸಿಕ್ಕಿದ್ದು ಕಿರಿದಾದ ಬಾಗಿಲುಗಳು, ಅವುಗಳಲ್ಲಿ ಕೆಲವು ಪೂರ್ತಿ ತೆರೆದಿರಲಿಲ್ಲ. 135 ಜನ ಸತ್ತರು. ಅವರಲ್ಲಿ ಬಹುಪಾಲು ಅರೇಮಾದವರೇ, ತಮ್ಮದೇ ಊರಿನಲ್ಲಿ, ತಮ್ಮದೇ ಮೈದಾನದಲ್ಲಿ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿ ನಡೆದದ್ದು ನಿಮಿಷ ನಿಮಿಷವೂ ದಾಖಲಾಗಿದೆ. 1989ರ ಏಪ್ರಿಲ್ 15, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್. ಎರಡೂ ಕಡೆಯ ಬೆಂಬಲಿಗರನ್ನು ಬೇರೆ ಬೇರೆ ತುದಿಗಳಲ್ಲಿ ಇರಿಸಿದ್ದರು, ಅವರ ನಡುವೆ ಜಗಳವೇ ಆಗಲಿಲ್ಲ. ಲಿವರ್‌ಪೂಲಿನ ಕಡೆ ನಿಂತು ನೋಡುವ 10,100 ಜನರು ಒಳಬರಲು ಇದ್ದದ್ದು ಏಳು ತಿರುಗುಗೇಟು. ಆಟ ಮಧ್ಯಾಹ್ನ 3 ಗಂಟೆಗೆ. ಅರ್ಧ ಗಂಟೆ ಮುಂಚೆಯೇ ಹೊರಗೆ ಜನ ಒಬ್ಬರ ಮೇಲೊಬ್ಬರು ಒತ್ತಿ ನಿಂತಿದ್ದರು. 2.52ಕ್ಕೆ ಪೊಲೀಸ್ ಅಧಿಕಾರಿಯ ಆದೇಶದಂತೆ ‘ಸಿ’ ಎಂಬ ದೊಡ್ಡ ಗೇಟನ್ನು ತೆರೆದರು. ಒಳಗೆ ಬಂದವರ ಕಣ್ಣೆದುರು ಒಂದು ಸುರಂಗ, ಅದರ ಮೇಲೆ ನಿಲ್ಲುವ ಜಾಗ ಎಂಬ ಬರಹ. ಸುರಂಗ ಇಳಿಜಾರಾಗಿ ಹೋಗಿ ಮುಟ್ಟುತ್ತಿದ್ದದ್ದು ಆಗಲೇ ಭರ್ತಿಯಾಗಿದ್ದ ನಡುವಿನ ಕಟಕಟೆಗಳಿಗೆ. ಪಕ್ಕದ ಕಟಕಟೆಗಳಲ್ಲಿ ಜಾಗವಿತ್ತು, ಆದರೆ ಅತ್ತ ಕೈತೋರಿಸಲು ಸುರಂಗದ ಬಾಯಲ್ಲಿ ಯಾರೂ ಇರಲಿಲ್ಲ. ಮುಂದೆ ಮೈದಾನಕ್ಕೆ ಹಾರದಂತೆ ಎತ್ತರದ ಉಕ್ಕಿನ ಬೇಲಿ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ, ಮುಂದಿನವರಿಗೆ ಹಿಂದೆ ಸರಿಯಲು ಆಗುತ್ತಿರಲಿಲ್ಲ. 3.06ಕ್ಕೆ ಆಟ ನಿಂತಿತು. ಸತ್ತವರ ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು.

ಪ್ರೇಕ್ಷಕರೇ ಗೇಟು ಮುರಿದು ನುಗ್ಗಿದರೆಂದು ಅಂದೇ ಪೊಲೀಸರು ಹೇಳಿಬಿಟ್ಟರು; ಕುಡುಕರ ದಾಂಧಲೆ ಎಂದು ಪತ್ರಿಕೆಯೊಂದು ಮುಖಪುಟದಲ್ಲಿ ಬರೆಯಿತು. ಅದು ಸುಳ್ಳೆಂದು ಕೋರ್ಟಿನ ತೀರ್ಮಾನವಾಗಲು 27 ವರ್ಷ ಬೇಕಾಯಿತು. 2016ರಲ್ಲಿ ಜ್ಯೂರಿ, ಬೆಂಬಲಿಗರ ತಪ್ಪೇನೂ ಇಲ್ಲ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಎಂದಿತು. ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಚಿಕ್ಕದೊಂದು ಸಂಗತಿ: ಅದೇ ಮೈದಾನದಲ್ಲಿ 1987ರ ಸೆಮಿಫೈನಲ್ಲಿಗೆ ಜನ ತಡವಾಗಿ ಬಂದಾಗ ಆಟದ ಆರಂಭವನ್ನು 15 ನಿಮಿಷ ಮುಂದೂಡಿದ್ದರು. 1989ರಲ್ಲಿ ಮುಂದೂಡಲಿಲ್ಲ.

ಹಾಗಾದರೆ ಬೆಂಬಲಿಗರ ವೈರ ಬರೀ ಕಟ್ಟುಕಥೆಯೇ ಎಂದು ಕೇಳಬಹುದು. ಅಲ್ಲ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 1980ರ ಆಗಸ್ಟ್ 16ರಂದು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದಲ್ಲಿ ಆಟಗಾರರಿಬ್ಬರು ಕೈಕೈ ಮಿಲಾಯಿಸಿದ್ದು ಗ್ಯಾಲರಿಗೆ ಹಬ್ಬಿ 16 ಜನ ಸತ್ತರು. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್‌ನಲ್ಲಿ ಲಿವರ್‌ಪೂಲ್ ಬೆಂಬಲಿಗರು ಯುವೆಂಟಸ್ ಬೆಂಬಲಿಗರ ಮೇಲೆ ನುಗ್ಗಿದಾಗ 39 ಜನ ಸತ್ತರು. 2012ರ ಫೆಬ್ರುವರಿ 1ರಂದು ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ 70ಕ್ಕೂ ಹೆಚ್ಚು. ಇವನ್ನು ಕೈಬಿಟ್ಟು ವಾದ ಮಾಡಿದರೆ ಅದು ಮೋಸವಾಗುತ್ತದೆ. ಆದರೆ ಈ ಮೂರರಲ್ಲೂ ಜಗಳ ಹೇಗೆ ಸಾಮೂಹಿಕ ಸಾವಾಯಿತು ಎಂದು ಕೇಳಿ ನೋಡಿ. ಈಡನ್‌ನಲ್ಲಿ ಎರಡೂ ತಂಡಗಳ ಬೆಂಬಲಿಗರನ್ನು ಒಂದೇ ಗ್ಯಾಲರಿಯಲ್ಲಿ ಬೆರೆಸಿ ಕೂಡಿಸಿದ್ದರು. ಹೇಸೆಲ್‌ನಲ್ಲಿ ತಟಸ್ಥರಿಗೆಂದು ಇಟ್ಟಿದ್ದ ವಿಭಾಗದ ಟಿಕೆಟ್‌ಗಳು ಇಟಲಿಯವರ ಕೈಸೇರಿದ್ದವು. ನಡುವೆ ಇದ್ದದ್ದು ತೆಳ್ಳನೆಯ ತಂತಿಬೇಲಿ ಮತ್ತು ಬೆರಳೆಣಿಕೆಯ ಪೊಲೀಸರು. ಓಡಿದವರು ಹಳೆಯ ಗೋಡೆಯೊಂದಕ್ಕೆ ಒತ್ತಿಕೊಂಡರು, ಗೋಡೆ ಕುಸಿಯಿತು. ಪೋರ್ಟ್ ಸೈದ್‌ನಲ್ಲಿ ನಡೆದದ್ದು ನೇರ ದಾಳಿ, ಅದನ್ನು ಮಾಡಿದವರಿಗೆ ಶಿಕ್ಷೆಯಾಗಬೇಕಾದದ್ದೇ. ಆದರೂ ಅಲ್ಲಿ ಅನೇಕರು ಸತ್ತದ್ದು ಹೊರಗೋಡುವಾಗ, ಮುಚ್ಚಿದ್ದ ಗೇಟಿನ ಹಿಂದೆ. ಹಾಗಾಗಿ ಎರಡು ಕಡೆಯವರನ್ನು ಬೇರೆ ಕೂಡಿಸುವುದು, ಬೇರೆ ದಾರಿಯಲ್ಲಿ ಕರೆತಂದು ಬೇರೆ ಸಮಯಕ್ಕೆ ಹೊರಬಿಡುವುದು ಬೇಕೇ ಬೇಕು. ಅಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿಯುವುದು ಮಾತ್ರ ಅಪಾಯ.

ವೈರವನ್ನೂ ನಾವು ಕಲ್ಲಿನಲ್ಲಿ ಕೆತ್ತಿದ್ದೆಂದು ಭಾವಿಸುತ್ತೇವೆ. 2024ರ ಆಗಸ್ಟ್ 18ರಂದು ಕೋಲ್ಕತ್ತದಲ್ಲಿ ಇದೇ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ನಡುವಿನ ಡ್ಯುರಾಂಡ್ ಕಪ್ ಪಂದ್ಯ ರದ್ದಾಯಿತು, ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆಯ ವಿರುದ್ಧ ನಗರ ಹೊತ್ತಿ ಉರಿಯುತ್ತಿದ್ದ ಹೊತ್ತು ಅದು. ಅಂದು ಎರಡೂ ತಂಡಗಳ ಬೆಂಬಲಿಗರು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಹೆಗಲಿಗೆ ಹೆಗಲು ಕೊಟ್ಟು ನ್ಯಾಯ ಕೇಳಿದರು, ಒಟ್ಟಿಗೇ ಲಾಠಿ ಏಟೂ ತಿಂದರು. ಗುಂಪಿನ ಸ್ವಭಾವ ಅದರ ಎದುರು ನಿಂತವರ ನಡವಳಿಕೆಯ ಮೇಲೂ ನಿಂತಿದೆ. 2004ರಲ್ಲಿ ಪೋರ್ಚುಗಲ್ ಯೂರೋ ಕಪ್ ನಡೆಸಿದಾಗ ಇಂಗ್ಲಿಷ್ ಬೆಂಬಲಿಗರ ಕುಖ್ಯಾತಿ ಎಲ್ಲರಿಗೂ ಗೊತ್ತಿತ್ತು. ಪಂದ್ಯಗಳು ನಡೆದ ನಗರಗಳ ಪೊಲೀಸರು ಮಾಮೂಲಿ ಸಮವಸ್ತ್ರದಲ್ಲಿ ಇಬ್ಬಿಬ್ಬರಾಗಿ ಜನರ ನಡುವೆ ಓಡಾಡುತ್ತ, ಮಾತಾಡುತ್ತ, ದಾರಿ ಹೇಳುತ್ತ ಇದ್ದರು. ಹೆಲ್ಮೆಟ್ಟು ಗುರಾಣಿಗಳ ಪಡೆ ಕಣ್ಣಿಗೆ ಬೀಳದ ಹಾಗೆ ವ್ಯಾನುಗಳಲ್ಲಿ ಕಾದಿತ್ತು. ಆ ನಗರಗಳಲ್ಲಿ ದೊಡ್ಡ ಗಲಭೆಯೇ ಆಗಲಿಲ್ಲ. ಈ ಪದ್ಧತಿ ಅನುಸರಿಸದ, ಬೇರೊಂದು ಪಡೆಯ ಹೊಣೆಯಲ್ಲಿದ್ದ ಆಲ್ಬುಫೇರಾ ಎಂಬ ಕಡಲೂರಿನಲ್ಲಿ ಅದೇ ಇಂಗ್ಲಿಷ್ ಬೆಂಬಲಿಗರು ಬೀದಿಗಿಳಿದು ಗಲಾಟೆ ಮಾಡಿದರು.

ಇದರಿಂದ ನಮ್ಮ ಬೆಳಗಾವಿ ಜಿಲ್ಲೆಯ ಬೈಲಹೊಂಗಲಕ್ಕೇನು, ರಾಮದುರ್ಗಕ್ಕೇನು ಎಂದು ಕೇಳುವವರಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿದ ಈ ಕಂದಾಯ ಉಪವಿಭಾಗದಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯಗಳಿಲ್ಲದಿರಬಹುದು, ಜನ ಸೇರುವುದಕ್ಕೇನೂ ಬರವಿಲ್ಲ. ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ, ಅದರಲ್ಲಿ ಕುಸ್ತಿ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ಊರ ಜಾತ್ರೆಗಳಲ್ಲಿ ಕಬಡ್ಡಿ, ಚಕ್ಕಡಿ ಶರ್ಯತ್ತು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕಂತೂ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮಹಾರಾಷ್ಟ್ರ, ಗೋವಾಗಳಿಂದಲೂ ಲಕ್ಷಗಟ್ಟಲೆ ಜನ ಬರುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಮಾಮೂಲಿ ಮಂಗಳವಾರ, ಶುಕ್ರವಾರಗಳಲ್ಲೂ ದಟ್ಟಣೆ. ತಲೆತಲಾಂತರದಿಂದ ಜಾತ್ರೆ ನಡೆಸಿದ ನಮಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಜಾತ್ರೆಗೂ ಪಂದ್ಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜಾತ್ರೆಯ ಜನ ಬೆಳಗಿನಿಂದ ರಾತ್ರಿಯವರೆಗೆ ಬರುತ್ತ ಹೋಗುತ್ತ ಇರುತ್ತಾರೆ, ಪೂಜೆ ಮುಗಿಸಿದವರು ಇಳಿಯುತ್ತಾರೆ. ಪಂದ್ಯಕ್ಕೆ ಮಾತ್ರ ಎಲ್ಲರೂ ಒಂದೇ ಹೊತ್ತಿಗೆ ಸೇರಿ, ಒಂದೇ ಹೊತ್ತಿಗೆ ಹೊರಡುತ್ತಾರೆ.

ಕುಸ್ತಿ ಕಣವನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಸಣ್ಣ ಹುಡುಗರ ಜೋಡಿಗಳು, ಆಗ ಜನ ತೆಳ್ಳಗೆ. ಹೊತ್ತು ಇಳಿದಂತೆ ಹೆಸರುವಾಸಿ ಪೈಲ್ವಾನರು, ಕೊನೆಗೆ ದೊಡ್ಡ ಜೋಡಿ. ಆ ಹೊತ್ತಿಗೆ ಕಣದ ಸುತ್ತ ಹತ್ತು ಸಾಲು, ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ, ಶಾಲೆಯ ಮಾಳಿಗೆಯ ಮೇಲೆ, ಬೇವಿನ ಮರದ ಮೇಲೆ ಜನ. ಪಂಚರ ತೀರ್ಪು ಒಪ್ಪದ ಊರಿನವರು ಕಣಕ್ಕೆ ನುಗ್ಗುವುದು ಇದೇ ಗಳಿಗೆಯಲ್ಲಿ. ಪೊಲೀಸರು ಲಾಠಿ ಬೀಸಿದರೆ ಜನ ಓಡುವುದು ಒಂದೇ ಕಡೆ, ರಸ್ತೆಗೆ ತೆರೆದ ಗೇಟಿನ ಕಡೆ. ಆ ಗೇಟಿನ ಅರ್ಧವನ್ನು ಬೈಕುಗಳೂ ಕಬ್ಬಿನ ಹಾಲಿನ ಗಾಡಿಯೂ ಹಿಡಿದಿರುತ್ತವೆ. ಲೆಕ್ಕ ಸುಲಭ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ‘ಗ್ರೀನ್ ಗೈಡ್’ ಪ್ರಕಾರ ಸಮತಟ್ಟಾದ ದಾರಿಯ ಪ್ರತಿ ಮೀಟರ್ ಅಗಲದಲ್ಲಿ ನಿಮಿಷಕ್ಕೆ 82 ಜನ ಸರಾಗವಾಗಿ ಹೊರಹೋಗಬಲ್ಲರು. ಹತ್ತು ಸಾವಿರ ಜನ ಸೇರಿದ ಮೈದಾನಕ್ಕೆ 3 ಮೀಟರಿನ ಒಂದೇ ಗೇಟಿದ್ದರೆ ಎಲ್ಲರೂ ಹೊರಬೀಳಲು 40 ನಿಮಿಷಕ್ಕೂ ಹೆಚ್ಚು ಬೇಕು. ಅದೇ ಗೈಡ್ ಗರಿಷ್ಠ 8 ನಿಮಿಷ ಎನ್ನುತ್ತದೆ. ಅದಕ್ಕೆ ಒಟ್ಟು 15 ಮೀಟರಿನಷ್ಟು ದಾರಿ ಬೇಕು, ಅಂದರೆ ಅಂಥ ಐದು ಗೇಟಾದರೂ ಇರಬೇಕು.

ಹಳ್ಳಿಯ ಜಾತ್ರಾ ಕಮಿಟಿಗೆ ಇಂಗ್ಲೆಂಡಿನ ನಿಯಮ ಹೊರಿಸುವುದು ಅತಿಯಾಯಿತು, ಅಷ್ಟು ದುಡ್ಡೆಲ್ಲಿದೆ ಎಂಬ ಆಕ್ಷೇಪಕ್ಕೆ ಉತ್ತರ ಖರ್ಚಿನ ಪಟ್ಟಿಯಲ್ಲೇ ಇದೆ. ಡಾಲ್ಬಿಗೆ, ಕಟೌಟಿಗೆ, ಪಟಾಕಿಗೆ ಹೋಗುವ ಹಣದ ಮುಂದೆ ತಗಡಿನ ಬೇಲಿಯಲ್ಲಿ ಇನ್ನೆರಡು ಕಡೆ ಬಾಯಿ ಬಿಡಿಸುವ ಖರ್ಚು ಏನೂ ಅಲ್ಲ. ದುಡ್ಡು ಬೇಕಾಗುವುದು ಗ್ಯಾಲರಿಗೆ, ಅಲ್ಲಿ ಜಿಪುಣತನ ಸಲ್ಲದು. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯ ರಾಷ್ಟ್ರೀಯ ಜೂನಿಯರ್ ಕಬಡ್ಡಿಯಲ್ಲೂ, ಮರುವರ್ಷದ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಸೆವೆನ್ಸ್ ಫುಟ್‌ಬಾಲ್ ಪಂದ್ಯದಲ್ಲೂ ತಾತ್ಕಾಲಿಕ ಗ್ಯಾಲರಿಗಳು ಜನರ ಸಮೇತ ಕುಸಿದವು. ಎರಡೂ ಕಡೆ ಬಹಳ ಮಂದಿಗೆ ಗಾಯ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ನೋಡಿ ಸಹಿ ಹಾಕದೆ ಗ್ಯಾಲರಿಗೆ ಯಾರನ್ನೂ ಹತ್ತಿಸಬಾರದು.

ಸುದ್ದಿಯ ವಿಷಯ ಇನ್ನೂ ಸೂಕ್ಷ್ಮ. ಬೆಂಗಳೂರಿನ ದುರಂತದ ದಿನ ಆರ್‌ಸಿಬಿ ಬೆಳಿಗ್ಗೆಯೇ ಜಾಲತಾಣಗಳಲ್ಲಿ ಜನರನ್ನು ಕರೆಯಿತು. ವಿಜಯಯಾತ್ರೆ ಇಲ್ಲ ಎಂದು ಸಂಚಾರ ಪೊಲೀಸರು ಹೇಳಿದರು. ಮಧ್ಯಾಹ್ನ ಮೂರರ ನಂತರ ತಂಡ ಮತ್ತೆ ಇದೆ ಎಂದಿತು, ಒಳಗೆ ಹೋಗಲು ಪಾಸ್ ಬೇಕು ಎಂಬುದೂ ಜನಕ್ಕೆ ಗೊತ್ತಾದದ್ದು ಆಗಲೇ. ಆ ಹೊತ್ತಿಗೆ ಲಕ್ಷಾಂತರ ಜನ ಮೆಟ್ರೋ ಇಳಿದು ಗೇಟುಗಳ ಮುಂದಿದ್ದರು. ಅವರಲ್ಲಿ ಯಾರದು ಪುಂಡಾಟ? ಆಮೇಲೆ ಆಗಸ್ಟ್‌ನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಅದರ ಒತ್ತು ಅನುಮತಿಯ ಮೇಲೆ, ಆಯೋಜಕರ ಹೊಣೆಯ ಮೇಲೆ, ಶಿಕ್ಷೆಯ ಮೇಲೆ. ಅದು ಬೇಡವೆಂದಲ್ಲ. ಆದರೆ ಕಾಲ್ತುಳಿತವಾದ ಮೇಲೆ ಯಾರನ್ನು ಹಿಡಿಯಬೇಕು ಎಂಬುದಕ್ಕಿಂತ, ಆಗುವ ಹತ್ತು ನಿಮಿಷ ಮುಂಚೆ ಮೈಕು ಯಾರ ಕೈಯಲ್ಲಿರಬೇಕು ಎಂಬುದು ಮುಖ್ಯ.

ತಾಲ್ಲೂಕು ಮಟ್ಟದಲ್ಲಿ ಇದನ್ನು ಇಂದೇ ಮಾಡಬಹುದು, ಹೊಸ ಕಾನೂನಿಗೆ ಕಾಯಬೇಕಿಲ್ಲ. ಅನುಮತಿ ಪತ್ರ ಕೊಡುವಾಗ ತಹಸೀಲ್ದಾರರು, ಠಾಣೆಯವರು ಕೇಳುವುದು ಮೈಕು ಎಷ್ಟು ಗಂಟೆಯವರೆಗೆ ಎಂದು; ಜೊತೆಗೆ ಗೇಟು ಎಷ್ಟು, ಎಷ್ಟು ಅಗಲ, ಎರಡು ಊರಿನವರ ಗಾಡಿಗಳು ಎಲ್ಲಿ ನಿಲ್ಲುತ್ತವೆ, ಸೋತ ಊರಿನವರು ಯಾವ ದಾರಿಯಿಂದ ಮೊದಲು ಹೋಗುತ್ತಾರೆ, ಗೇಟಿನ ಬಳಿ ದಾರಿ ತೋರಿಸುವವರು ಯಾರು ಎಂದೂ ಬರೆಸಿಕೊಳ್ಳಬೇಕು. ಗರಡಿಯ ಹಿರಿಯರನ್ನು, ಎರಡೂ ತಂಡಗಳ ಮುಂದಾಳುಗಳನ್ನು ಹಿಂದಿನ ದಿನವೇ ಕೂಡಿಸಿ ಮಾತಾಡಿದರೆ ಠಾಣೆಯ ಅರ್ಧ ಕೆಲಸ ಹಗುರ. ಮತ್ತು ಆ ಪತ್ರದಲ್ಲಿ ಒಬ್ಬ ವ್ಯಕ್ತಿಯ ಹೆಸರಿರಬೇಕು, ಗೇಟಿನಲ್ಲಿ ಒತ್ತಡ ಕಂಡಾಕ್ಷಣ ದೊಡ್ಡ ಜೋಡಿಯನ್ನು ತಡೆದು ನಿಲ್ಲಿಸುವ ಅಧಿಕಾರ ಇರುವವನ ಹೆಸರು. ತಡವಾಯಿತೆಂದು ಜನ ಬೈಯಬಹುದು. ಮಂತ್ರಿಗಳ ಕಾರು ಬರಲಿಲ್ಲವೆಂದು ಎರಡು ತಾಸು ಉದ್ಘಾಟನೆ ಮುಂದೂಡುವುದು ನಮ್ಮ ಉತ್ಸವಗಳಿಗೆ ಹೊಸದೇನಲ್ಲ. ಗೇಟಿನ ಹೊರಗೆ ನಿಂತವರಿಗಾಗಿ ಹದಿನೈದು ನಿಮಿಷ ತಡೆದರೆ ಯಾರ ಗಂಟೂ ಹೋಗುವುದಿಲ್ಲ.