ಕಾಲು ಗಂಟೆಗೆ 250 ಪದ

ದಿನದಲ್ಲಿ ಬರೆಯುವ ಹೊತ್ತು ಯಾವುದು, ಎಷ್ಟು ಬರೆಯಬೇಕು ಎಂಬುದು ಮೊದಲೇ ಗೊತ್ತಾಗಿದ್ದರೆ ಬರವಣಿಗೆ ರೂಢಿಯಾಗುತ್ತದೆ. ಲಹರಿ ಬಂದಾಗ ಕೂತರಾಯಿತು ಎನ್ನುವವರ ಕಾದಂಬರಿ ಮೂರನೇ ಅಧ್ಯಾಯ ದಾಟುವುದು ಅಪರೂಪ.

ಈ ವಿಷಯದಲ್ಲಿ ಇಂಗ್ಲಿಷ್ ಕಾದಂಬರಿಕಾರ ಆಂತೊನಿ ಟ್ರೋಲಪ್‌ನಷ್ಟು ಲೆಕ್ಕಾಚಾರದ ಮನುಷ್ಯ ಸಿಗುವುದು ಕಷ್ಟ. 1834ರಲ್ಲಿ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿದ ಆತ 1867ರವರೆಗೂ ನೌಕರಿಯಲ್ಲಿದ್ದ. ಜೀವಮಾನದಲ್ಲಿ ಬರೆದದ್ದು 47 ಕಾದಂಬರಿ. ಬೆಳಗಿನ ಐದೂವರೆಗೆ ಮೇಜಿನ ಮುಂದಿರಬೇಕು ಎಂಬುದು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಎಬ್ಬಿಸಿ ಕಾಫಿ ಕೊಡಲೆಂದೇ ಕುದುರೆ ನೋಡಿಕೊಳ್ಳುವ ಹಳೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚು ಸಂಬಳ. ಮೊದಲ ಅರ್ಧ ಗಂಟೆ ಹಿಂದೆ ಬರೆದದ್ದನ್ನು ಓದುವುದು, ಆಮೇಲೆ ಗಡಿಯಾರ ಎದುರಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಬರೆದ ಪುಟಗಳ ಲೆಕ್ಕಕ್ಕೆ ಗೆರೆ ಎಳೆದ ದಿನಚರಿಯೊಂದಿತ್ತು. ಮೈಗಳ್ಳತನ ಮಾಡಿದ ವಾರ ಆ ಪುಸ್ತಕವೇ ಮುಖಕ್ಕೆ ಹಿಡಿದು ತೋರಿಸುತ್ತಿತ್ತು. ಇಲಾಖೆಯ ಕೆಲಸಕ್ಕೆ ಊರೂರು ತಿರುಗುವಾಗ ರೈಲಿನಲ್ಲೇ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ, ಹೆಂಡತಿ ಶುದ್ಧಪ್ರತಿ ಮಾಡುತ್ತಿದ್ದಳು. ‘ಬಾರ್ಚೆಸ್ಟರ್ ಟವರ್ಸ್’ನ ಬಹುಭಾಗ ಹುಟ್ಟಿದ್ದು ಹೀಗೆ. ತೀರಿಕೊಂಡ ಮರುವರ್ಷ, 1883ರಲ್ಲಿ, ಆತ್ಮಕಥೆ ಹೊರಬಂದಾಗ ಸಾಹಿತ್ಯಕ್ಕೂ ಇಂಥ ಲೆಕ್ಕವೇ ಎಂದು ಮೂಗು ಮುರಿದವರಿದ್ದರು. ಕಾದಂಬರಿಗಳು ಇಂದಿಗೂ ಅಚ್ಚಿನಲ್ಲಿವೆ.

ನೌಕರಿಯ ನೆಪ ಕನ್ನಡದಲ್ಲೂ ನಡೆಯುವುದಿಲ್ಲ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಬರೆದವರು. 1943ರಲ್ಲಿ ಹುದ್ದೆ ಬಿಡುವ ಹೊತ್ತಿಗೆ ಅವರ ಹಲವು ಕಥಾಸಂಕಲನಗಳು ಬಂದಾಗಿತ್ತು. ಆದರೆ ಟ್ರೋಲಪ್‌ನ ಅಂಕಿಯನ್ನು ಕನ್ನಡದವರು ಹಾಗೇ ಎತ್ತಿಕೊಳ್ಳಬಾರದು. ವಿಭಕ್ತಿ, ಸಂಧಿ, ಸಮಾಸಗಳಿಂದಾಗಿ ನಮ್ಮ ಒಂದು ಪದ ಇಂಗ್ಲಿಷಿನ ಎರಡು ಮೂರು ಪದಗಳ ಭಾರ ಹೊರುತ್ತದೆ. ಕಚೇರಿ, ಅಡುಗೆಮನೆ ಎರಡನ್ನೂ ನಿಭಾಯಿಸುವವರಿಗೆ ದಿನಕ್ಕೊಂದು ಪುಟ ಧಾರಾಳವಾಯಿತು. ವರ್ಷ ತುಂಬುವಾಗ ಅದು ಒಂದು ಕಾದಂಬರಿಗೆ ಮೀರಿದ ಕರಡು.

ಆ ಪುಟವನ್ನೂ ತಲೆ ಬರಿದಾಗುವತನಕ ಎಳೆಯಬಾರದು. ಮುಂದೇನು ಎಂಬುದು ಗೊತ್ತಿರುವಾಗಲೇ ನಿಲ್ಲಿಸುವುದು ಹೆಮಿಂಗ್ವೆಯ ಪದ್ಧತಿ. ಮರುದಿನ ಖಾಲಿ ಹಾಳೆ ನೋಡುತ್ತ ಕೂರುವ ಸಂಕಟ ತಪ್ಪುತ್ತದೆ. ದಿನದ ಪದಗಳ ಎಣಿಕೆಯನ್ನು ಆತನೂ ರಟ್ಟಿನ ಮೇಲೆ ಗುರುತು ಹಾಕುತ್ತಿದ್ದ. ತಿದ್ದುವ ಕೆಲಸಕ್ಕೆ ಬೇರೆ ಹೊತ್ತು ಇಟ್ಟುಕೊಂಡರೆ ಮೇಲು.

ರೂಢಿ ಊರಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ ಸಿಕ್ಕ ಉತ್ತರ ಸುಮಾರು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254ರವರೆಗೆ ಹಿಗ್ಗಿತ್ತು. ಅವರು ನೋಡಿದ್ದು ಊಟ, ವ್ಯಾಯಾಮದಂಥ ಅಭ್ಯಾಸಗಳನ್ನು. ಬರವಣಿಗೆಗೆ ಇನ್ನಷ್ಟು ತಾಳ್ಮೆ ಬೇಕಾದೀತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ ಎಂಬುದೂ ಅಲ್ಲಿ ಕಂಡುಬಂತು. ಮದುವೆಮನೆ, ಜ್ವರ, ಮಕ್ಕಳ ಪರೀಕ್ಷೆ ಬಂದಾಗ ತಪ್ಪಿಯೇ ತಪ್ಪುತ್ತದೆ. ಆ ಬಾಕಿಯನ್ನು ಮರುದಿನವೇ ತೀರಿಸಲು ಹೊರಟವರು ವಾರದೊಳಗೆ ಕೈಚೆಲ್ಲುತ್ತಾರೆ.

ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸುವ ಆಸೆಯಿದ್ದವರು ಪ್ರಕಟಣೆಯ ದಾರಿ ಕಾಯದೆ ಯುಗಾದಿಗೇ ಶುರುಮಾಡುವುದು ಒಳ್ಳೆಯದು.