ಕಿರುಗಾತ್ರದ ಬ್ಲೂಟೂತ್ ಸ್ಪೀಕರ್: ಖರೀದಿಗೆ ಮುನ್ನ ಪರೀಕ್ಷಿಸುವ ಬಗೆ

ದೀಪಾವಳಿ ಸಮೀಪಿಸುತ್ತಿದ್ದಂತೆ ವಿತರಕರಿಗೂ ನೌಕರರಿಗೂ ಉಡುಗೊರೆ ನೀಡುವ ಪದ್ಧತಿ ವರ್ತಕರಲ್ಲಿ ಹಿಂದಿನಿಂದಲೂ ಉಂಟು. ಸಿಹಿತಿಂಡಿಯ ಪೊಟ್ಟಣ, ಗೋಡೆ ಗಡಿಯಾರಗಳ ಸಾಲಿಗೆ ಈಗ ಅಂಗೈಯಲ್ಲಿ ಹಿಡಿಯಬಹುದಾದ ಬ್ಲೂಟೂತ್ ಸ್ಪೀಕರ್ ಕೂಡ ಸೇರಿದೆ. ತೆರಿಗೆ ಹೊರತುಪಡಿಸಿ ತಲಾ 2,000 ರೂಪಾಯಿ ಬೆಲೆಯ 100 ಸ್ಪೀಕರುಗಳನ್ನು ಖರೀದಿಸಿದರೆ ಶೇಕಡಾ 18ರಂತೆ 36,000 ರೂಪಾಯಿ ಜಿಎಸ್‌ಟಿ ತೆರಬೇಕಾಗುತ್ತದೆ. ಉಡುಗೊರೆಯಾಗಿ ಹಂಚಿದ ಸರಕಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆಂದು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)ನೇ ಪ್ರಕರಣವು ಸ್ಪಷ್ಟಪಡಿಸಿದೆ. ಆದುದರಿಂದ ಒಂದೊಂದರ ನೈಜ ವೆಚ್ಚ 2,360 ರೂಪಾಯಿ. ಇಷ್ಟು ತೆತ್ತು ಕೊಟ್ಟ ವಸ್ತು ಪಡೆದವರ ಮನೆಯ ಮೂಲೆ ಸೇರಿದರೆ ಉಡುಗೊರೆಯ ಉದ್ದೇಶವೇ ವಿಫಲವಾದಂತೆ. ಮಾರಾಟಕ್ಕೆಂದು ದಾಸ್ತಾನು ಮಾಡುವವರಿಗೆ ತೆರಿಗೆಯ ಜಮೆ ದೊರೆಯುವುದಾದರೂ, ಗ್ರಾಹಕರಿಂದ ಹಿಂದಿರುಗಿ ಬರುವ ಮಾಲು ಬಂಡವಾಳವನ್ನು ಕಟ್ಟಿಹಾಕುತ್ತದೆ. ಹೀಗಿರುವಾಗ ದೊಡ್ಡ ಬೇಡಿಕೆಯನ್ನು ಸಲ್ಲಿಸುವ ಮೊದಲು ಒಂದೇ ಒಂದು ಮಾದರಿಯನ್ನು ತರಿಸಿ, ಅರ್ಧ ಗಂಟೆ ಕೇಳಿ ನೋಡುವುದು ದುಬಾರಿಯ ಕೆಲಸವೇನಲ್ಲ.

ವ್ಯಾಟ್ ಎಂಬ ಆಕರ್ಷಣೆ

ಪೆಟ್ಟಿಗೆಯ ಮೇಲೆ ಎದ್ದು ಕಾಣುವ ಸಂಖ್ಯೆ ವ್ಯಾಟ್. ವ್ಯಾಟ್ ಇಮ್ಮಡಿಯಾದರೆ ಧ್ವನಿಯೂ ಇಮ್ಮಡಿಯಾಗುತ್ತದೆಂಬುದು ತಪ್ಪು ಗ್ರಹಿಕೆ. ಶಕ್ತಿ ಇಮ್ಮಡಿಯಾದಾಗ ಧ್ವನಿಮಟ್ಟ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಗಟ್ಟಿಯೆನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಿಕೆ, ಅಂದರೆ ಹತ್ತುಪಟ್ಟು ಶಕ್ತಿ ಬೇಕಾಗುತ್ತದೆ. 5 ವ್ಯಾಟ್ ಮತ್ತು 10 ವ್ಯಾಟ್ ಸ್ಪೀಕರುಗಳ ಅಂತರ ಬೆಲೆಯಲ್ಲಿ ಕಾಣುವಷ್ಟು ಕಿವಿಗೆ ಕಾಣದಿರುವುದು ಈ ಕಾರಣದಿಂದಲೇ. ಹೋಲಿಕೆಗೆ ಆರ್‌ಎಂಎಸ್ ವ್ಯಾಟ್ ಮಾತ್ರ ಯೋಗ್ಯ. ಪಿಎಂಪಿಒ ಎಂದು ನೂರಾರು ವ್ಯಾಟ್ ಬರೆದುಕೊಂಡಿರುವ ಪೆಟ್ಟಿಗೆಯನ್ನು ಪಕ್ಕಕ್ಕಿಡುವುದೇ ಲೇಸು.

ಇದಕ್ಕಿಂತ ಉಪಯುಕ್ತವಾದುದು ಆವರ್ತನದ ಕೆಳಮಿತಿ. ತಗ್ಗು ಸ್ವರಗಳಿಗೆ ಹೆಚ್ಚು ಗಾಳಿಯನ್ನು ಅಲುಗಾಡಿಸಬೇಕು. ಚಿಕ್ಕ ಶಂಕುವಿಗೆ ಅದು ಅಸಾಧ್ಯ. ತಯಾರಕರೇ ಪ್ರಕಟಿಸಿರುವ ವಿವರದಂತೆ ಜೆಬಿಎಲ್ ಗೋ 3 ಎಂಬ ಪುಟ್ಟ ಮಾದರಿ 4.2 ವ್ಯಾಟ್‌ನದು, ಅದರ ಕೆಳಮಿತಿ 110 ಹರ್ಟ್ಸ್. ಅದೇ ಕಂಪನಿಯ ಫ್ಲಿಪ್ 5 ಮಾದರಿ 20 ವ್ಯಾಟ್‌ನದು, ಕೆಳಮಿತಿ 65 ಹರ್ಟ್ಸ್, ತೂಕ 540 ಗ್ರಾಂ. ಗಂಡಸರ ಮಾತಿನ ಮೂಲಸ್ವರ ಅನೇಕ ವೇಳೆ 110 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಆದರೂ ಪುಟ್ಟ ಸ್ಪೀಕರಿನಲ್ಲಿ ವಾರ್ತೆ ಸ್ಪಷ್ಟವಾಗಿ ಕೇಳಿಸುವುದಕ್ಕೆ ಕಾರಣವುಂಟು: ಮೇಲಿನ ಅನುಸ್ವರಗಳನ್ನು ಕೇಳಿ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಮೃದಂಗದ ಎಡಬದಿಯ ತುಂಬುನಾದಕ್ಕೆ, ತಬಲಾದ ಡಗ್ಗಾಕ್ಕೆ ಈ ಉಪಕಾರ ಅಷ್ಟಾಗಿ ಒದಗದು. ಅಂಗಡಿಗಳಲ್ಲಿ ಯುಪಿಐ ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆ ಸಂತೆಯ ಗದ್ದಲದಲ್ಲೂ ಕೇಳಿಸುತ್ತದೆ. ಹಾಗೆಂದು ಅದರಲ್ಲಿ ಯಾರೂ ಸಂಗೀತ ಕಚೇರಿ ಕೇಳಬಯಸುವುದಿಲ್ಲ.

ಕೇಳಿ ನೋಡುವ ಕ್ರಮ

ಪರೀಕ್ಷೆಗೆ ಚಿರಪರಿಚಿತ ಧ್ವನಿಮುದ್ರಿಕೆಗಳನ್ನೇ ಬಳಸತಕ್ಕದ್ದು. ಮಾರಾಟಗಾರರು ಕೇಳಿಸುವ ತುಣುಕು ಅವರ ಮಾಲಿಗೆ ಒಪ್ಪುವಂತೆ ಆಯ್ದದ್ದಾಗಿರುತ್ತದೆ. ಮೊದಲು ಮಾತು, ಅನಂತರ ತಾಳವಾದ್ಯವಿರುವ ಹಾಡು. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡರ ಧ್ವನಿಮಟ್ಟವನ್ನೂ ಸಮವಾಗಿಸಿಕೊಳ್ಳುವುದು ಅತ್ಯಗತ್ಯ, ಏಕೆಂದರೆ ತುಸು ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ, ಗೋಡೆಯಿಂದ ಒಂದೇ ದೂರದಲ್ಲಿ ಇಡಬೇಕು. ಗೋಡೆಯ ಮೂಲೆಯಲ್ಲಿಟ್ಟ ಸ್ಪೀಕರಿಗೆ ತಗ್ಗು ಸ್ವರದ ಕೃತಕ ಪುಷ್ಟಿ ಸಿಗುತ್ತದೆ. ಮಳಿಗೆಯಲ್ಲಿ ಕೇಳಿದ ಗಾಂಭೀರ್ಯ ಮನೆಯಂಗಳದಲ್ಲಿ ಮಾಯವಾಗುವುದಕ್ಕೆ ಇದೂ ಒಂದು ಕಾರಣ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ.

ಕೊನೆಯಲ್ಲಿ ಪೂರ್ಣ ಧ್ವನಿಯಲ್ಲಿಟ್ಟು ನೋಡಬೇಕು. ಶಂಕು ಹರಿಯದಂತೆ ಕಾಯಲು ಒಳಗಿನ ಮಂಡಲವು ತಗ್ಗು ಸ್ವರವನ್ನು ಕತ್ತರಿಸುವುದುಂಟು. ಆಗ ಹಾಡು ಕೀರಲಾಗುತ್ತದೆ. ಹೊದಿಕೆ ಗಡಗಡಿಸಿದರೆ ಆ ಮಾದರಿಯನ್ನು ಕೈಬಿಡುವುದು ಒಳಿತು.

ಅನುಕೂಲದ ಅಂಶಗಳು

ಬ್ಲೂಟೂತ್ ಆವೃತ್ತಿಯ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ನಾದ ಉತ್ತಮವಾಗದು. ಮೊಬೈಲನ್ನು ಪಕ್ಕದ ಕೋಣೆಗೆ ಒಯ್ದು ಸಂಪರ್ಕ ಕಡಿಯುವುದೇ ಎಂದು ನೋಡಿದರೆ ಸಾಕು. ಚಲನಚಿತ್ರದ ದೃಶ್ಯವೊಂದನ್ನೂ ಹಾಕಿ ನೋಡಬೇಕು. ತುಟಿಯ ಚಲನೆಗಿಂತ ಮಾತು ಹಿಂದೆ ಬೀಳುವ ದೋಷ ಅಲ್ಲಿಯೇ ಬಯಲಾಗುತ್ತದೆ.

ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳಬಲ್ಲದೆಂದು ಅರ್ಥ. ಎಕ್ಸ್ ಅಕ್ಷರವು ಧೂಳಿನ ಪರೀಕ್ಷೆಗೆ ಶ್ರೇಣಿ ನಮೂದಿಸಿಲ್ಲವೆಂದು ಸೂಚಿಸುತ್ತದೆ. ಹತ್ತಿ ಗಿರಣಿ, ಹಿಟ್ಟಿನ ಗಿರಣಿಯವರಿಗೆ ಐಪಿ67 ಸೂಕ್ತ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ ಎಂಬುದನ್ನು ಕರಾವಳಿಯ ಖರೀದಿದಾರರು ಮರೆಯಬಾರದು.

ಬ್ಯಾಟರಿಯ ಅವಧಿಯನ್ನು ತಯಾರಕರು ಮಧ್ಯಮ ಧ್ವನಿಯಲ್ಲಿ ಅಳೆದಿರುತ್ತಾರೆ. ಗೋ 3ಕ್ಕೆ 5 ಗಂಟೆ, ಫ್ಲಿಪ್ 5ಕ್ಕೆ 12 ಗಂಟೆ ಎಂದು ಹೇಳಿದೆ. ಪೂರ್ಣ ಧ್ವನಿಯಲ್ಲಿ ಅಷ್ಟು ಬಾರದು. ಲಿಥಿಯಂ ಕೋಶವು ಕೆಲವು ನೂರು ಬಾರಿ ಚಾರ್ಜ್ ಆದಮೇಲೆ ಕ್ಷೀಣಿಸುವುದರಿಂದ, ಬ್ಯಾಟರಿ ಬದಲಾಯಿಸಿಕೊಡುವ ಸೇವಾ ಕೇಂದ್ರ ಊರಿನಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು. ಬ್ಲೂಟೂತ್ ಸ್ಪೀಕರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಾಳೆ ನೋಡಬಹುದು. ಸಂಖ್ಯೆಯಿಲ್ಲದ ಅಗ್ಗದ ಮಾಲನ್ನು ಮಾರುವ ವರ್ತಕರೂ ಕ್ರಮಕ್ಕೆ ಗುರಿಯಾಗುತ್ತಾರೆ.

ಖಾತರಿ ಅವಧಿ ಸಾಮಾನ್ಯವಾಗಿ ಬಿಲ್ಲಿನ ದಿನಾಂಕದಿಂದ ಎಣಿಕೆಯಾಗುತ್ತದೆ. ಆಗಸ್ಟ್‌ನಲ್ಲಿ ಖರೀದಿಸಿ ದೀಪಾವಳಿಗೆ ಹಂಚಿದರೆ ಒಂದು ವರ್ಷದ ಖಾತರಿಯಲ್ಲಿ ಎರಡು ಮೂರು ತಿಂಗಳು ಗೋದಾಮಿನಲ್ಲಿಯೇ ಕಳೆದಿರುತ್ತದೆ. ದುರಸ್ತಿಗೆ ಹೋದಾಗ ಬಿಲ್ ಕೇಳುವುದರಿಂದ, ಕ್ರಮಸಂಖ್ಯೆಗಳನ್ನು ನಮೂದಿಸಿದ ಬಿಲ್ ಪಡೆದು ಅದರ ಪ್ರತಿಯನ್ನು ಪ್ರತಿ ಪೆಟ್ಟಿಗೆಯೊಳಗೂ ಇರಿಸುವುದು ಉಚಿತ. ದರವನ್ನು ಮರೆಮಾಡಬೇಕೆನಿಸಿದರೆ ಖಾತರಿ ಕಾರ್ಡಿಗೆ ಮಾರಾಟಗಾರರ ಮೊಹರು ಹಾಕಿಸಿ, ಅದನ್ನೇ ಒಪ್ಪುವರೇ ಎಂದು ಸೇವಾ ಕೇಂದ್ರದಲ್ಲಿ ಮುಂಚಿತವಾಗಿ ಕೇಳಿಕೊಳ್ಳಬೇಕು.