ಹಂದಿಗೋಡು ಕಾಯಿಲೆ

ಹಂದಿಗೋಡು ಕಾಯಿಲೆಯು ಕರ್ನಾಟಕದ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಕಂಡುಬಂದಿರುವ, ಮೂಳೆ ಮತ್ತು ಕೀಲುಗಳನ್ನು ಬಾಧಿಸುವ ಒಂದು ಆನುವಂಶಿಕ ರೋಗ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಇದು ವೈದ್ಯರ ಗಮನಕ್ಕೆ ಬಂದುದರಿಂದ ಈ ಹೆಸರು ರೂಢಿಗೆ ಬಂದಿತು. ರೋಗಕ್ಕೆ ಮುಖ್ಯವಾಗಿ ತುತ್ತಾದವರು ಚಲುವಾದಿ ಮತ್ತು ಚನ್ನಂಗಿ ಸಮುದಾಯಗಳ ಬಡ ಕುಟುಂಬಗಳವರು.

ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೊಡನೆ ಇದನ್ನು ಬೆರೆಸಬಾರದು. ಅದು ಉಣುಗುಗಳ ಮೂಲಕ ಹರಡುವ ವೈರಾಣು ಜ್ವರ. ಹಂದಿಗೋಡು ಕಾಯಿಲೆಯು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ.

ಲಕ್ಷಣಗಳು

ಸೊಂಟದ ಕೀಲು ಮತ್ತು ಮೊಣಕಾಲುಗಳಲ್ಲಿ ನೋವು ಕಾಣಿಸಿಕೊಂಡು ಕ್ರಮೇಣ ಬಲಿಯುತ್ತದೆ. ನಡಿಗೆ ಅತ್ತಿತ್ತ ವಾಲುತ್ತದೆ. ಕುಕ್ಕರಗಾಲಿನಲ್ಲಿ ಕೂರುವುದು ಕಷ್ಟವಾಗುತ್ತದೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಬದುಕುವ ಕೂಲಿಕಾರರಿಗೆ ಇದರರ್ಥ ದುಡಿಮೆಯೇ ನಿಂತುಹೋಗುವುದು. ರೋಗದಲ್ಲಿ ಮೂರು ಬಗೆಗಳನ್ನು ಗುರುತಿಸಲಾಗಿದೆ. ಮೊದಲನೆಯದರಲ್ಲಿ ಎತ್ತರ ಸಾಮಾನ್ಯವಾಗಿದ್ದು ಸೊಂಟದ ಕೀಲು ಮಾತ್ರ ಸವೆಯುತ್ತದೆ. ಎರಡನೆಯದರಲ್ಲಿ ಬೆನ್ನುಮೂಳೆಯ ಕಶೇರುಗಳೂ ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ಮೂರನೆಯದು ಕುಬ್ಜತೆಯ ಬಗೆ. ಇದರಲ್ಲಿ ಕೈಕಾಲುಗಳ ಮೂಳೆಗಳೂ ವಿರೂಪಗೊಳ್ಳುತ್ತವೆ.

ವಿಷದ ಶಂಕೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಬತ್ತದ ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವುದು ಹೆಚ್ಚುತ್ತಿದ್ದ ಕಾಲ ಅದು. ಗದ್ದೆಯ ಏಡಿ, ಮೀನುಗಳನ್ನು ಹಿಡಿದು ತಿನ್ನುತ್ತಿದ್ದವರು ಬಡವರೇ ಆದುದರಿಂದ ಆ ವಿಷವೇ ರೋಗಕ್ಕೆ ಕಾರಣವಿರಬಹುದೆಂಬ ಶಂಕೆ ಹುಟ್ಟಿತು. ಶಂಕೆಯು ಅಕಾರಣವಾದುದೇನಲ್ಲ. ಬಯಲುಸೀಮೆಯ ಕೆಲವೆಡೆ ಕುಡಿಯುವ ನೀರಿನ ಫ್ಲೋರೈಡಿನಿಂದ ಮೂಳೆಗಳು ಕೆಡುವುದು ತಿಳಿದ ಸಂಗತಿಯಾಗಿತ್ತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಮುಂದೆ ನಡೆದ ಅಧ್ಯಯನಗಳಲ್ಲಿ ವಂಶಾವಳಿಗಳನ್ನು ಬರೆದು ನೋಡಿದಾಗ, ರೋಗವು ತಲೆಮಾರಿನಿಂದ ತಲೆಮಾರಿಗೆ ಹೆಣ್ಣು-ಗಂಡೆಂಬ ಭೇದವಿಲ್ಲದೆ ಇಳಿದುಬಂದಿರುವುದು ಕಂಡಿತು.

ಆನುವಂಶಿಕತೆ

ಪ್ರತಿಯೊಂದು ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ: ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದೇ ಪ್ರತಿ ಕೆಟ್ಟಿದ್ದರೂ ರೋಗ ಬರುವುದಾದರೆ ಅದು ಪ್ರಬಲ ಆನುವಂಶಿಕತೆ. ಹಂದಿಗೋಡು ಕಾಯಿಲೆ ಈ ವರ್ಗದ್ದು. ತಂದೆ ಅಥವಾ ತಾಯಿಗೆ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು ಪಾಲು. ಇದನ್ನು ಎರಡು ಮಕ್ಕಳಲ್ಲಿ ಒಂದಕ್ಕೆ ಖಚಿತವಾಗಿ ಬರುತ್ತದೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಒಂದೇ ಮನೆಯ ಎಲ್ಲ ಮಕ್ಕಳಿಗೂ ಬರಬಹುದು, ಯಾರಿಗೂ ಬಾರದೆಯೂ ಇರಬಹುದು. ಸೋದರಿಕೆಯ ಮದುವೆಯೇ ರೋಗಕ್ಕೆ ಮೂಲವೆಂದು ಹೇಳುವುದೂ ಸರಿಯಲ್ಲ. ಪ್ರಬಲ ರೋಗಕ್ಕೆ ಒಬ್ಬರಲ್ಲಿನ ಒಂದು ಕೆಟ್ಟ ಪ್ರತಿಯೇ ಸಾಕು. ಸಣ್ಣ ಸಮುದಾಯದೊಳಗೇ ಸಂಬಂಧಗಳು ಬೆಳೆದಾಗ ಮಾತ್ರ ರೋಗವುಳ್ಳ ಇಬ್ಬರು ವಧೂವರರಾಗುವ ಸಾಧ್ಯತೆ ಹೆಚ್ಚುತ್ತದೆ.

ಮೂಳೆಯ ಬೆಳವಣಿಗೆ ಮತ್ತು ಪ್ರತಿಲೇಖನ ಅಂಶಗಳು

ವೈದ್ಯಶಾಸ್ತ್ರವು ಈ ಕಾಯಿಲೆಯನ್ನು ಬೆನ್ನುಮೂಳೆ ಹಾಗೂ ಉದ್ದ ಮೂಳೆಗಳ ತುದಿಗಳು ತಪ್ಪಾಗಿ ಬೆಳೆಯುವ ರೋಗಗಳ ಗುಂಪಿಗೆ ಸೇರಿಸುತ್ತದೆ. ತುದಿಗಳೇ ಏಕೆ ಕೆಡುತ್ತವೆ ಎಂಬುದನ್ನು ಅರಿಯಲು ಮೂಳೆ ಬೆಳೆಯುವ ರೀತಿಯನ್ನು ನೋಡಬೇಕು. ಗರ್ಭದಲ್ಲಿ ಕೈಕಾಲುಗಳ ಮೂಳೆಗಳು ಮೊದಲು ಮೃದ್ವಸ್ಥಿಯಾಗಿ ರೂಪುಗೊಳ್ಳುತ್ತವೆ. ಅನಂತರ ನಡುಭಾಗ ಗಟ್ಟಿಯಾದರೂ ತುದಿಗಳ ಬಳಿ ಮೃದ್ವಸ್ಥಿಯ ಒಂದು ತೆಳುಪದರ ಹದಿಹರೆಯದವರೆಗೂ ಉಳಿಯುತ್ತದೆ. ಇದೇ ಬೆಳವಣಿಗೆಯ ಫಲಕ. ಇಲ್ಲಿನ ಕೋಶಗಳು ಕಂಬಸಾಲಿನಂತೆ ಜೋಡಿಸಿಕೊಂಡು ವಿಭಜನೆಯಾಗುತ್ತವೆ, ಉಬ್ಬುತ್ತವೆ. ಆ ಜಾಗಕ್ಕೆ ಮೂಳೆಯ ಕೋಶಗಳು ಬರುತ್ತವೆ. ಮಗು ಎತ್ತರವಾಗುವುದು ಹೀಗೆ.

ಯಾವ ಕೋಶ ಯಾವಾಗ ಏನಾಗಬೇಕೆಂಬುದನ್ನು ನಿಯಂತ್ರಿಸುವವು ಪ್ರತಿಲೇಖನ ಅಂಶಗಳೆಂಬ ಪ್ರೋಟೀನುಗಳು. ಇವು ಡಿಎನ್‌ಎಗೆ ಅಂಟಿಕೊಂಡು ಇತರ ಜೀನುಗಳಿಗೆ ಚಾಲನೆ ಕೊಡುತ್ತವೆ ಅಥವಾ ತಡೆಯೊಡ್ಡುತ್ತವೆ. ಸಾಕ್ಸ್9 ಎಂಬುದು ಕೋಶವನ್ನು ಮೃದ್ವಸ್ಥಿಯ ಕೋಶವಾಗಿಸಿ ಹಾಗೆಯೇ ಉಳಿಸುತ್ತದೆ. ರನ್‌ಎಕ್ಸ್2 ಎಂಬುದು ಆ ಕೋಶಗಳು ಉಬ್ಬುವಂತೆ ಮಾಡುವುದಲ್ಲದೆ, ಮೂಳೆ ಕಟ್ಟುವ ಕೋಶಗಳನ್ನೂ ರೂಪಿಸುತ್ತದೆ. ರನ್‌ಎಕ್ಸ್2 ಇಲ್ಲದ ಇಲಿಮರಿಗಳ ಅಸ್ಥಿಪಂಜರ ಮೃದ್ವಸ್ಥಿಯಾಗಿಯೇ ಉಳಿದು, ಅವು ಉಸಿರಾಡಲಾರದೆ ಹುಟ್ಟಿದೊಡನೆ ಸಾಯುವುದನ್ನು 1997ರಲ್ಲಿ ತೋರಿಸಲಾಯಿತು. ಮನುಷ್ಯರಲ್ಲಿ ಇದರ ಒಂದು ಪ್ರತಿ ಕೆಟ್ಟರೆ ಕೊರಳೆಲುಬು ಬೆಳೆಯದಿರುವುದು, ನೆತ್ತಿ ತಡವಾಗಿ ಕೂಡುವುದು, ಹೆಚ್ಚುವರಿ ಹಲ್ಲುಗಳು ಮೂಡುವುದು ಮುಂತಾದ ಲಕ್ಷಣಗಳ ಬೇರೊಂದು ರೋಗ ಬರುತ್ತದೆ. ಸಾಕ್ಸ್9ರ ಒಂದು ಪ್ರತಿ ಕೆಟ್ಟರೆ ಕಾಲಿನ ಉದ್ದ ಮೂಳೆಗಳು ಬಾಗಿದ ಶಿಶು ಹುಟ್ಟುತ್ತದೆ. ಇವೆರಡೂ ಹಂದಿಗೋಡು ಕಾಯಿಲೆಯಲ್ಲ. ಆದರೆ ಎರಡರಲ್ಲಿ ಒಂದು ಪ್ರತಿ ಸರಿಯಾಗಿದ್ದರೂ ಮೂಳೆ ಏಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಇವು ಒಳ್ಳೆಯ ಉತ್ತರ: ಅರ್ಧ ಪ್ರಮಾಣದ ಪ್ರೋಟೀನು ಆ ಕೆಲಸಕ್ಕೆ ಸಾಲದು. ಎಲ್ಲ ಪ್ರಬಲ ರೋಗಗಳೂ ಇದೇ ದಾರಿಯಲ್ಲಿ ಬರುವುದಿಲ್ಲ. ಕೆಲವೆಡೆ ಕೆಟ್ಟ ಪ್ರೋಟೀನು ಒಳ್ಳೆಯದರ ಕೆಲಸವನ್ನೂ ಕೆಡಿಸುತ್ತದೆ.

ಹಂದಿಗೋಡು ಕಾಯಿಲೆಯಲ್ಲಿ ತೊಡೆಯೆಲುಬಿನ ತಲೆಯು ದುಂಡಗೆ ರೂಪುಗೊಳ್ಳದೆ ಚಪ್ಪಟೆಯಾಗುತ್ತದೆ. ಗುಳಿಯಲ್ಲಿ ಸರಿಯಾಗಿ ಕೂರದ ಆ ತಲೆಯ ಮೇಲೆ ದೇಹದ ಭಾರ ಬಿದ್ದು, ಮುದಿತನದಲ್ಲಿ ಬರಬೇಕಾದ ಸವೆತ ಎಳೆಯ ವಯಸ್ಸಿನಲ್ಲೇ ಬರುತ್ತದೆ.

ಇದನ್ನು ಹೋಲುವ ರೋಗವೊಂದು ದಕ್ಷಿಣ ಆಫ್ರಿಕದ ಉತ್ತರ ಜುಲುಲ್ಯಾಂಡಿನ ಮ್ಸೆಲೆನಿ ಪ್ರದೇಶದಲ್ಲಿದೆ. ಎರಡನ್ನೂ ಹೋಲಿಸಿ ಉಭಯ ದೇಶಗಳ ಸಂಶೋಧಕರು 1997ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ.

ಚಿಕಿತ್ಸೆ

ರೋಗವನ್ನು ಬುಡಸಮೇತ ಗುಣಪಡಿಸುವ ಔಷಧವಿಲ್ಲ. ನೋವು ನಿವಾರಕಗಳು, ವ್ಯಾಯಾಮ ಚಿಕಿತ್ಸೆ, ಊರುಗೋಲು ಮೊದಲಾದವು ತಕ್ಕಮಟ್ಟಿಗೆ ಆಸರೆಯಾಗುತ್ತವೆ. ಸೊಂಟದ ಕೀಲು ಪೂರ್ತಿ ಸವೆದವರಿಗೆ ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಯಿಂದ ನಡಿಗೆ ಸುಧಾರಿಸಬಹುದು. ಕೂಲಿಯ ಕುಟುಂಬಗಳಿಗೆ ಅದು ಸರ್ಕಾರದ ನೆರವಿಲ್ಲದೆ ಕೈಗೆಟುಕುವಂಥದಲ್ಲ. ಮದುವೆ ಹಾಗೂ ಮಕ್ಕಳ ವಿಚಾರದಲ್ಲಿ ಕುಟುಂಬಗಳಿಗೆ ಆನುವಂಶಿಕ ಸಲಹೆ ಅಗತ್ಯ. ಕೆಟ್ಟ ಜೀನನ್ನು ಪಡೆಯದವರು ಅದನ್ನು ಮಕ್ಕಳಿಗೆ ದಾಟಿಸಲಾರರು. ಆದರೆ ಮೊದಲನೆಯ ಬಗೆಯಲ್ಲಿ ಎತ್ತರ ಸಾಮಾನ್ಯವಾಗಿಯೇ ಇರುವುದರಿಂದ, ನೋಟದಿಂದಲೇ ಒಬ್ಬರನ್ನು ರೋಗಮುಕ್ತರೆಂದು ಹೇಳಲಾಗದು. ಸೊಂಟದ ಎಕ್ಸ್-ರೇ ಪರೀಕ್ಷೆ ಬೇಕಾಗುತ್ತದೆ.